ಸರಿ ಉತ್ತರವನ್ನೂ ಒಪ್ಪದವರು

ಆ ಶುಕ್ರವಾರವೂ ಶಿರಸಿಯ ಕಚೇರಿಯಲ್ಲಿ ಪಕ್ಕದ ಕುರ್ಚಿಯವರು ನನ್ನ ತಾಳ್ಮೆ ಕೆಡಿಸಿದರು. ಎಐ ಉತ್ತರ ಕೊಡುವಾಗ ಬರೆಯುವ ಒಂದೊಂದು ಹೆಜ್ಜೆಯನ್ನೂ ಓದಿ, ಸರಿಯೋ ತಪ್ಪೋ ಎಂದು ಗುರುತಿಸುವುದು ನಮ್ಮಿಬ್ಬರ ಕೆಲಸ. ಮಗುವಿಗೆ ಜ್ವರದ ಔಷಧಿ ಎಷ್ಟೆಂದು ಅದು ಮಾಡಿದ ಲೆಕ್ಕವೊಂದಕ್ಕೆ ನಾನು ಸರಿ ಎಂದಿದ್ದೆ. ಅವರು ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿದರು.

“ಬಂದ ದಾರಿ ನೋಡೇ ತಂಗಿ,” ಎಂದರು, ದಿನಕ್ಕೆ ಇಪ್ಪತ್ತು ಸಲ ಹೇಳುವಂತೆ. “ಮೊದ್ಲು ಮಗುವಿನ ತೂಕ ಅರ್ಧ ಮಾಡಿದ್ದು, ಆಮೇಲೆ ಸುಮ್ನೆ ಔಷಧಿ ದುಪ್ಪಟ್ಟು ಮಾಡಿದ್ದು.”

“ಉತ್ತರ ಸರಿ ಇದ್ದಲ್ಲ ಅಣ್ಣ, ಬಿಡಿ. ತಡ ಮಾಡಿದ್ರೆ ಸಿದ್ದಾಪುರದ ಬಸ್ಸು ತಪ್ತು.”

“ನಾಳೆ ಬೇರೆ ಮಗುವಿಗೆ ದುಪ್ಪಟ್ಟು ಒಂದೇ ಮಾಡಿದ್ರೆ ಎಂತ ಮಾಡ್ತೆ?”

ಬಸ್ಸು ತಪ್ಪಿತು. ಸೋಮವಾರ ಅವರು ತೀರಿಕೊಂಡ ಸುದ್ದಿ ಬಂತು.

ಈಗ ಅಲ್ಲಿ ಕೂರುವವರು ನಾನು ಸರಿ ಎಂದದ್ದಕ್ಕೆಲ್ಲ ಸರಿ ಎನ್ನುತ್ತಾರೆ. ನನ್ನನ್ನು ತಡೆಯುವವರು ಇಲ್ಲ.