ಅತ್ತೆ ಹೇಳಿದ್ದು ಸರಿಯಾಗಿತ್ತು

ನಮ್ಮ ಅತ್ತೆಗೆ ಮರೆವಿನ ಕಾಯಿಲೆ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಇದೆ ಎಂದು ಮನೆಯವರನ್ನು, ಕೊನೆಗೆ ಅವರನ್ನೇ ನಂಬಿಸಿದವಳು ನಾನು — ಹೆಚ್ಚು ಮಾತಾಡಿಯೂ ಅಲ್ಲ, ಮಾತಾಡಬೇಕಾದಾಗ ಸುಮ್ಮನಿದ್ದು.

ತಮಿಳು ಸೀಮೆಯಲ್ಲಿ, ಅದಿಯಮಾನ್‌ಕೋಟೆಯ ಹತ್ತಿರ ನಮ್ಮದು ಕುರಿ ಸಾಕುವ ಮನೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅತ್ತೆಯ ತಮಿಳು ಸಂತೆಯಲ್ಲಿ ಕುರಿ ಮಾರುವಷ್ಟು. ನಾನು ಹೊಸೂರಿನ ಕಡೆಯವಳು, ಕನ್ನಡ ಶಾಲೆಯಲ್ಲಿ ಓದಿ, ಮದುವೆಯಾದ ಮೇಲೆ ತಮಿಳನ್ನೂ ಓದಲು ಕಲಿತವಳು. ಹಾಗಾಗಿ ಆಸ್ಪತ್ರೆ, ಆಫೀಸು ಎಂದರೆ ಅತ್ತೆಯ ಜೊತೆ ನಾನೇ. ಅವರ ಮಾತು ಆ ಕಡೆ ತಲುಪಬೇಕಾದರೆ ನನ್ನ ಬಾಯಿಂದಲೇ ತಲುಪಬೇಕು.

ಕೆಲವು ವರ್ಷಗಳ ಹಿಂದೆ, ದೀಪಾವಳಿ ಕಳೆದ ವಾರ, ಧರ್ಮಪುರಿಯಲ್ಲಿ ವಯಸ್ಸಾದವರಿಗೆ ಮಿದುಳಿನ ಆರೋಗ್ಯದ ತರಗತಿ ಇಟ್ಟಿದ್ದರು. ಸೇಲಂನಿಂದ ಬಂದ ಡಾಕ್ಟರಮ್ಮ ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಮರೆವು ಶುರುವಾದವರಿಗೆ ಒಂದು ಹೊಸ ಮಾತ್ರೆ ಬಂದಿದೆ. ಅದು ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಲು ಪ್ರಯೋಗ ನಡೆಸುತ್ತಾರೆ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ಔಷಧಿಯೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಕೊಡುವವರಿಗೂ ತಿಳಿದಿರುವುದಿಲ್ಲ. ಸೇರಲೇಬೇಕೆಂದಿಲ್ಲ, ಸೇರಿದವರು ಯಾವಾಗ ಬೇಕಾದರೂ ಬಿಡಬಹುದು.

“ಏನಂತಾಳೆ ಆ ಡಾಕ್ಟ್ರಮ್ಮ?” ಅಂದರು ಅತ್ತೆ.

“ಮರೆವಿಗೆ ಮಾತ್ರೆ ಕೊಡ್ತಾರಂತೆ,” ಅಂದೆ. ಅಷ್ಟು ಮಾತಿನಲ್ಲಿ ಅವರಿಗೆ ದಾಟಿಸಿದ್ದು ಇಷ್ಟೇ.

ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ ನೆನಪಿನ ಪರೀಕ್ಷೆ. ಇದು ಯಾವ ತಿಂಗಳು ಎಂದು ಕೇಳಿದರು. “ಕಾರ್ತೀಕ,” ಎಂದರು ಅತ್ತೆ, ಒಂದಿಷ್ಟೂ ತಡವರಿಸದೆ. ತಮಿಳರ ಲೆಕ್ಕದಲ್ಲಿ ಅದು ಇನ್ನೂ ಐಪ್ಪಸಿ ತಿಂಗಳು. ನಮ್ಮ ಲೆಕ್ಕದಲ್ಲಿ ದೀಪಾವಳಿಯ ಅಮಾವಾಸ್ಯೆ ಕಳೆದರೆ ಕಾರ್ತೀಕವೇ. ಡಾಕ್ಟರಮ್ಮ ತಪ್ಪೆಂದು ಗುರುತು ಹಾಕಿಕೊಂಡರು. ನೆನಪಿಡಲು ಕೊಟ್ಟ ಮಾತುಗಳಲ್ಲಿ ‘ಕದವು’ ಎಂಬ ತಮಿಳು ಮಾತನ್ನು ಅತ್ತೆ ಕನ್ನಡದಲ್ಲಿ ‘ಬಾಗ್ಲು’ ಎಂದರು, ಅದೂ ತಪ್ಪಾಯಿತು. ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ.

ಮನೆಯಲ್ಲೂ ಹೀಗೇನಾ ಎಂದು ಡಾಕ್ಟರಮ್ಮ ನನ್ನನ್ನು ಕೇಳಿದರು.

“ಆಮಾ,” ಎಂದೆ. ಹೌದು ಎಂದುಬಿಟ್ಟೆ.

ಏಕೆ — ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನನ್ನ ಗಂಡ ಎಲ್ಲಕ್ಕೂ “ಅವ್ವನ್ನ ಒಂದ್ಮಾತು ಕೇಳಾನ” ಅನ್ನುತ್ತಿದ್ದರು. ನನ್ನ ಮಗಳಿಗೆ ಗಂಡು ಒಪ್ಪಿದ್ದೂ ಅವ್ವನ ಮಾತಿನ ಮೇಲೆ. ಹೆತ್ತ ನನ್ನನ್ನು ಯಾರೂ ಕೇಳಲಿಲ್ಲ. ಆ ಹೊಟ್ಟೆಯುರಿ ಒಳಗೇ ಇತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಅಳಿಯ ಒಳ್ಳೆಯವನೇ — ಅತ್ತೆ ಅದರಲ್ಲೂ ತಪ್ಪಿರಲಿಲ್ಲ.

ಸೇಲಂಗೆ ಕರೆಸಿ ತಲೆಯ ಸ್ಕ್ಯಾನ್ ತೆಗೆದರು. ಕೆಲವು ದಿನ ಕಳೆದು ಡಾಕ್ಟರಮ್ಮನೇ ನನಗೆ ಫೋನ್ ಮಾಡಿದರು. ನಿಮ್ಮ ಅತ್ತೆಗೆ ಆ ಕಾಯಿಲೆಯ ಲಕ್ಷಣ ಯಾವುದೂ ಕಾಣುತ್ತಿಲ್ಲ, ಅವತ್ತು ಭಾಷೆಯಿಂದ ತೊಡಕಾಗಿರಬೇಕು, ಪ್ರಯೋಗಕ್ಕೆ ಸೇರಿಸಿಕೊಳ್ಳಲಾಗದು, ಹೆದರಬೇಡಿ ಎಂದು ಅವರಿಗೆ ಹೇಳಿ — ಎಂದರು.

“ಏನಂದ್ರು?” ಎಂದರು ನನ್ನ ಗಂಡ.

“ಸೇರಿಸ್ಕಳಾಕಿಲ್ವಂತೆ.”

“ಕಾಯ್ಲೆ ಅಷ್ಟು ಮುಂದಕ್ಕೋಗ್ಬುಟ್ಟೈತಾ?”

ನಾನು ತಲೆ ತಗ್ಗಿಸಿದೆ. ಜಗುಲಿಯ ಮೇಲೆ ಕೂತಿದ್ದ ಅತ್ತೆಗೆ ಆ ಮಾತು ಕೇಳಿಸಿತು.

ಆಮೇಲೆ ಅವರನ್ನು ಯಾರೂ ಏನನ್ನೂ ಕೇಳಲಿಲ್ಲ. ಕುರಿ ಜೊತೆ ಹೊರಟರೆ “ದಾರಿ ತಪ್ತೀಯ, ಕೂತ್ಕ” ಎಂದು ನನ್ನ ಗಂಡ ಗದರುತ್ತಿದ್ದರು. ಕುರಿ ಈಯುವಾಗ ಕರೆಯಲು ಬರುತ್ತಿದ್ದ ನೆರೆಯವರೂ ಬರುವುದು ಬಿಟ್ಟರು. ಮನೆಯ ಮಾತೆಲ್ಲ ನನ್ನ ಕೈಗೆ ಬಂತು. ಮೊದಮೊದಲು — ಹೇಳಲು ನಾಚಿಕೆಯಾಗುತ್ತದೆ — ಹಿತವಾಗಿತ್ತು. ಬರಬರುತ್ತಾ ಅತ್ತೆ ಉಂಡ ತಟ್ಟೆಯನ್ನು ಮುಂದಿಟ್ಟುಕೊಂಡೇ, “ನಾ ಉಂಡ್ನೇನವ್ವಾ?” ಎಂದು ಕೇಳತೊಡಗಿದರು. ಮರೆತು ಅಲ್ಲ. ತಮ್ಮ ನೆನಪನ್ನು ತಾವೇ ನಂಬದೆ.

ಈ ವರ್ಷ ಅಂಥದೇ ತರಗತಿಗೆ ನಾನೂ ಹೋದೆ; ನನಗೂ ಅರವತ್ತು ದಾಟಿದೆ. ಪರೀಕ್ಷೆಗೆ ಕೂರಿಸಿದ ಹುಡುಗಿ ಮೊದಲು ಕೇಳಿದ್ದೇ, ನೀವು ಮನಸ್ಸಿನಲ್ಲಿ ಎಣಿಸುವುದು ಯಾವ ಭಾಷೆಯಲ್ಲಿ, ಅದರಲ್ಲೇ ಕೇಳುತ್ತೇವೆ ಎಂದು. ಅತ್ತೆಯ ‘ಕಾರ್ತೀಕ’ ನೆನಪಾಯಿತು. ಎದ್ದು ಬಸ್ಸು ಹತ್ತಿ ಬಂದುಬಿಟ್ಟೆ.

ಗಂಡನಿಗೆ ಎಲ್ಲ ಹೇಳಿದೆ. “ನಂಗ್ಯಾಕ್ ಯೋಳ್ತೀಯ? ಅವ್ವಂಗೇಳು,” ಎಂದು ಎದ್ದು ಕುರಿದೊಡ್ಡಿಯ ಕಡೆ ಹೋದರು. ಇವತ್ತಿಗೂ ಅವರು ನನ್ನ ಮುಖ ನೋಡಿ ಮಾತಾಡುವುದಿಲ್ಲ.

ಅತ್ತೆಯ ಕಾಲ ಬಳಿ ಕೂತೆ. ನಿಮಗೆ ಯಾವ ಕಾಯಿಲೆಯೂ ಇರಲಿಲ್ಲ, ಡಾಕ್ಟರು ಹೆದರಬೇಡಿ ಅಂದಿದ್ದರು, ನಾನೇ ಮುಚ್ಚಿಟ್ಟೆ ಅತ್ತೆ — ಎಂದೆ. ಅವರು ನನ್ನ ಕೈ ಹಿಡಿದು ಸವರಿದರು. ಬಯ್ಯಲಿಲ್ಲ. ನನ್ನನ್ನೇ ಸಮಾಧಾನ ಮಾಡುವವರಂತೆ ಹೇಳಿದರು:

“ಅಳ್ಬ್ಯಾಡ ಬುಡು. ನೀ ಅವತ್ತೇ ಯೋಳಿರ್ತೀಯ ಕಣವ್ವಾ. ನಂಗೇ ಮರ್ತೋಗಿರ್ತೈತೆ.”

ಇಲ್ಲ ಅತ್ತೆ, ಹೇಳಿರಲಿಲ್ಲ ಎಂದೆ. ಮರುದಿನವೂ ಅದನ್ನೇ ಹೇಳಿದೆ. ಈಗ ದಿನಾ ಹೇಳುತ್ತಿದ್ದೇನೆ. ಅವರಿನ್ನೂ ನಂಬಿಲ್ಲ.