ಅಣು ಸ್ಥಾವರದಿಂದ ಬಂದ ಸಂಬಂಧ

ಹುಡುಗ ಅಣು ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಎಂದು ಗೊತ್ತಾದಾಗ ಮನೆಯಲ್ಲಿ ಮೊದಲು ಖುಷಿಪಟ್ಟವನು ನಾನೇ. ಜಯನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಕಲ್ಲಿದ್ದಲು ಒಂದಲ್ಲ ಒಂದು ದಿನ ಮುಗಿಯುತ್ತದೆ, ಸೂರ್ಯ ರಾತ್ರಿ ಬರುವುದಿಲ್ಲ, ಮುಂದೆ ದೇಶಕ್ಕೆ ಅಣು ವಿದ್ಯುತ್ತೇ ಗತಿ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವರ್ಷಗಟ್ಟಲೆ ಹೇಳಿಕೊಂಡು ಬಂದವನು. ಆ ‘ಮುಂದೆ’ ಎನ್ನುವುದು ಈಗ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಅಪ್ಪ ಅಮ್ಮನ ಜೊತೆ ನಮ್ಮ ಮಗಳನ್ನು ನೋಡಲು ಬರುತ್ತಿತ್ತು.

ಭಾನುವಾರ ಬಂದರು. ಹುಡುಗನ ಮಾತು ಕಡಿಮೆ, ನಗು ಚೆನ್ನಾಗಿತ್ತು. ಕೇಸರಿಬಾತನ್ನು ಸಂಕೋಚವಿಲ್ಲದೆ ಎರಡನೇ ಸಲ ಹಾಕಿಸಿಕೊಂಡ. ಅವರು ಹೊರಟ ಮೇಲೆ ಮಗಳು, ಹುಡುಗ ಇಷ್ಟವಾದ, ಬಾಕಿ ವಿಷಯ ಅಪ್ಪನಿಗೇ ಗೊತ್ತು ಎಂದು ನನ್ನ ಮೇಲೆ ಬಿಟ್ಟಳು. ಅಡುಗೆಮನೆಗೆ ಹೋದರೆ ನನ್ನ ಹೆಂಡತಿ ಆ ಹುಡುಗ ಕಾಫಿ ಕುಡಿದ ಲೋಟವನ್ನು ಬೇರೆ ಇಟ್ಟುಕೊಂಡು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಮುಟ್ಟಿದರೆ ಅಂಟಿಕೊಳ್ಳುವುದಕ್ಕೆ ವಿಕಿರಣವೇನು ಮೈಲಿಗೆಯೇ ಎಂದು ರೇಗಿದೆ. ಅವಳು ತಿರುಗಿಯೂ ನೋಡಲಿಲ್ಲ.

“ಸರಿ ರೀ. ನಾಳೆ ಇವಳು ಬಸುರಿಯಾಗಿ ಅಲ್ಲೇ ಕ್ವಾರ್ಟರ್ಸಲ್ಲಿ ಇರ್ತಾಳೆ. ಏನೂ ಆಗಲ್ಲ ಅಂತ ದೇವರ ಮುಂದೆ ನಿಂತು ಹೇಳ್ತೀರಾ?”

ಅಣು ಸ್ಥಾವರಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಲು ಕುಳಿತೆ. ಒಬ್ಬರು ಭಯಪಡುವಂಥದ್ದೇನೂ ಇಲ್ಲ ಎಂದರೆ ಇನ್ನೊಬ್ಬರು ಅಯ್ಯೋ ಎನ್ನುತ್ತಿದ್ದರು. ಓದಿದಷ್ಟೂ ಎಲ್ಲ ಕಲಸುಮೇಲೋಗರವಾಯಿತು. ಬಳಸಿ ಉಳಿದ ಇಂಧನವನ್ನು ಸಾವಿರಾರು ವರ್ಷ ಕಾಯಬೇಕು ಎಂಬ ಸಾಲನ್ನು ನಾನೇ ಎಷ್ಟೋ ಸಲ ಪಾಠ ಮಾಡಿದ್ದೆ. ಈಗ ಆ ಸಾಲನ್ನು ದಾಟಲಾಗಲಿಲ್ಲ.

ಸಂಜೆ ವಾಕಿಂಗ್ ಹೋದರೆ ನಮ್ಮ ರಸ್ತೆಯೇ ವಾದಕ್ಕೆ ನಿಲ್ಲುತ್ತಿತ್ತು. ಮನೆಮನೆಗೂ ಎಸಿ, ಗೇಟಿನೊಳಗೆ ಚಾರ್ಜಿಗೆ ಹಾಕಿದ ಕಾರು, ಸ್ಕೂಟರು. ನಮ್ಮ ಮಹಡಿಯ ಸೋಲಾರ್ ಮೇಲೆ ಪಕ್ಕದ ಅಪಾರ್ಟ್‌ಮೆಂಟಿನ ನೆರಳು. ಇಷ್ಟಕ್ಕೆಲ್ಲ ಕರೆಂಟು ಎಲ್ಲಿಂದಾದರೂ ಬರಲೇಬೇಕಲ್ಲ, ಆ ಸ್ಥಾವರ ಬೇಕೇ ಬೇಕು ಎನ್ನಿಸುತ್ತಿತ್ತು. ಮನೆಗೆ ಬಂದು ಮಗಳ ಮುಖ ನೋಡಿದರೆ, ಬೇಕು ಸರಿ, ಅದರ ಪಕ್ಕದಲ್ಲಿ ಇವಳೇ ಏಕಿರಬೇಕು ಎನ್ನಿಸುತ್ತಿತ್ತು. ಎರಡೂ ನನಗೆ ನಿಜವೇ ಆಗಿದ್ದವು.

ನಮ್ಮಲ್ಲಿ ಸಂಬಂಧ ಬೇಡವೆಂದಾಗ ಯಾರೂ ಬೇಡ ಎನ್ನುವುದಿಲ್ಲ. ಇನ್ನೊಬ್ಬ ಜೋಯಿಸರಿಗೆ ತೋರಿಸಿದೆವು, ಜಾತಕ ಕೂಡಿಬರಲಿಲ್ಲ ಎನ್ನುತ್ತಾರೆ. ತಪ್ಪನ್ನು ಗ್ರಹಗಳು ಹೊತ್ತುಕೊಳ್ಳುತ್ತವೆ, ಮದುವೆಮನೆಗಳಲ್ಲಿ ಮತ್ತೆ ಸಿಕ್ಕಾಗ ಎರಡೂ ಕಡೆಯವರು ನಗಬಹುದು. ಹೆಂಡತಿ ಹಾಗೇ ಹೇಳಿಬಿಡಿ ಎಂದಳು. ಜನ್ಮವಿಡೀ ಜಾತಕವನ್ನು ಗೇಲಿ ಮಾಡಿದ ಮೇಷ್ಟ್ರು, ಅಣುವಿಗೆ ಹೆದರಿ ಶನಿಯ ಹಿಂದೆ ಅವಿತುಕೊಳ್ಳಲು ಹೊರಟೆ. ನಾಚಿಕೆಯಾಯಿತು. ಆದರೂ ಹುಡುಗನ ತಂದೆಗೆ ಫೋನ್ ಮಾಡಿದೆ. ಹೆಂಡತಿಗೂ ಮಗಳಿಗೂ ಕೇಳಲೆಂದು ಸ್ಪೀಕರ್ ಹಾಕಿದ್ದೆ.

ಜಾತಕ ಎಂಬ ಮಾತು ಬಂದಕೂಡಲೇ ಅವರು ನನ್ನನ್ನು ತಡೆದರು.

“ಜಾತಕ ಬೇಡ ಸಾರ್. ಹೋದ ಕಡೆಯೆಲ್ಲ ಅದೇ ಹೇಳಿದ್ರು. ಕರೆಂಟ್ ಎಲ್ರಿಗೂ ಬೇಕು, ನನ್ನ ಮಗ ಬೇಡ. ನೀವು ಪಾಠ ಹೇಳಿದೋರು. ಭಯ ಆದ್ರೆ ಭಯ ಅಂತಾನೇ ಹೇಳಿ.”

ಭಯವೇ ಸಾರ್, ಎಂದೆ. ಭಯಪಡಬೇಕೋ ಬೇಡವೋ ಅದೂ ತಿಳಿಯುತ್ತಿಲ್ಲ ಎಂದೆ. ಮಗಳು ಎದ್ದು ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

“ಅಂಕಲ್, ನೀವೆಲ್ಲ ಬಂದು ನನ್ನ ನೋಡಿದ್ರಿ. ನಾನೂ ಬಂದು ಅವರಿರೋ ಜಾಗ ನೋಡ್ಬೋದಾ? ಆಮೇಲೆ ಹೂಂ ಅನ್ನೋದೋ ಉಹೂಂ ಅನ್ನೋದೋ, ನಾನೇ ಹೇಳ್ತೀನಿ.”

ಅವರ ದನಿ ಗದ್ಗದವಾಯಿತೋ, ನಕ್ಕರೋ, ನನಗೆ ಸರಿಯಾಗಿ ಕೇಳಿಸಲಿಲ್ಲ. ಬಾಮ್ಮ ಎಂದದ್ದು ಮಾತ್ರ ಕೇಳಿಸಿತು. ಹುಡುಗಿಯೇ ಹುಡುಗನ ಮನೆ ನೋಡಲು ಹೋಗುವುದುಂಟೇ ಎಂದು ಹೆಂಡತಿ ಗೊಣಗಿದಳು, ನನ್ನ ಕಡೆ ನೋಡಿದಳು. ಯಾವುದಕ್ಕೂ ಇರಲಿ ಎಂದು, ಅಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳತೊಡಗಿದೆ.

ಬಸ್ಸಿಗೆ ಟಿಕೆಟ್ ಮಾಡಿಸುವಾಗ ಮಗಳು ಜೊತೆಗೆ ಬಾ ಎಂದು ಅಮ್ಮನನ್ನು ಕರೆದಳು. ನನ್ನನ್ನು ಕರೆಯಲಿಲ್ಲ.