ಒತ್ತಿದರೆ ಮುಚ್ಚಬೇಕಾದ ನಾಳ

ಅಕ್ಕನಿಗೆ ಹೆರಿಗೆಯಾಗಿ ಹತ್ತೊಂಬತ್ತು ದಿನವಾಗಿತ್ತು. ಅವಳ ಎಡಗಾಲು ಊದಿಕೊಂಡು ಮೂರು ದಿನವಾಗಿದ್ದರೂ ನಮ್ಮ ಮನೆಯಲ್ಲಿ ಅದೊಂದು ಸುದ್ದಿಯೇ ಆಗಿರಲಿಲ್ಲ. ಬಾಣಂತಿಯ ಕಾಲು ಊದುವುದು ಇದ್ದದ್ದೇ ಅಂತ ಅವ್ವ ಹೇಳಿದ್ದಳು. ಎರಡು ಹೆತ್ತವಳು ಹೇಳಿದ ಮೇಲೆ ನಾವು ಒಪ್ಪಿಕೊಂಡಿದ್ದೆವು.

ನಮ್ಮೂರು ವಿರೂಪಾಕ್ಷಿಪುರದಿಂದ ಇನ್ನೂ ಒಳಕ್ಕೆ. ಅಪ್ಪ ಕುರಿ ಸಾಕಿದ್ದಾನೆ, ಒಂದಿಷ್ಟು ರಾಗಿ ಹೊಲ ಇದೆ. ನಾನು ಚನ್ನಪಟ್ಟಣದಲ್ಲಿ ಸ್ಪೀಕರು, ಆಂಪ್ಲಿಫೈಯರು ರಿಪೇರಿ ಮಾಡುತ್ತೇನೆ. ಯಾರೂ ಕಲಿಸಿದ್ದಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ, ಹತ್ತಾರು ಸರ್ಕ್ಯೂಟು ಸುಟ್ಟು ಕಲಿತಿದ್ದು. ಶಬ್ದ ಅಂದರೆ ನನಗೆ ಹುಚ್ಚು. ಶಬ್ದದ ಬಗ್ಗೆ ನನಗೆ ಬಹಳ ಗೊತ್ತು ಅಂತಲೇ ಆವತ್ತಿನವರೆಗೂ ತಿಳಿದಿದ್ದೆ.

ಅಕ್ಕ ಇದ್ದದ್ದು ಹಿಂದಿನ ಕೋಣೆಯಲ್ಲಿ. ಕಿಟಕಿಗೆ ಗೋಣಿಚೀಲ ತುರುಕಿತ್ತು. ಮೂಲೆಯಲ್ಲಿ ಕೆಂಡ, ಅಕ್ಕನ ತಲೆಗೆ ಬಿಗಿಯಾಗಿ ಸುತ್ತಿದ ಸ್ಕಾರ್ಫು, ಹೊಟ್ಟೆಗೆ ಕಟ್ಟಿದ ಹಳೇ ಸೀರೆ, ಕೆಳಗೆ ಕರೀ ಕಂಬಳಿ. ಅವಳು ಎದ್ದು ಓಡಾಡುವಂತಿರಲಿಲ್ಲ. ನೀರು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ ಅಂತ ದಿನಕ್ಕೆ ಎರಡು ಲೋಟ ಬಿಸಿನೀರು ಮಾತ್ರ. ಬಾಯಿ ಒಣಗುತ್ತದೆ ಅಂದರೆ ಅವ್ವ ಒಂದು ಚೂರು ಬೆಲ್ಲ ಕೊಡುತ್ತಿದ್ದಳು. ಇದರಲ್ಲಿ ಒಂದನ್ನೂ ಅವ್ವ ಪ್ರೀತಿ ಇಲ್ಲದೆ ಮಾಡಿದವಳಲ್ಲ. ಅವಳಿಗೆ ಅವಳ ಅವ್ವ ಮಾಡಿದ್ದೂ ಇದನ್ನೇ. ಕಾಲು ಊದಿದ ಮೇಲೆ ದಿನಾ ಎರಡು ಹೊತ್ತು ಹರಳೆಣ್ಣೆ ಕಾಯಿಸಿ ಪಾದದಿಂದ ತೊಡೆಯವರೆಗೂ ನೀವುತ್ತಿದ್ದಳು.

ಆವತ್ತು ಬೆಳಿಗ್ಗೆ ಅಪ್ಪ ಮೊಮ್ಮಗಳನ್ನು ನೋಡೋಣ ಅಂತ ಒಳಗೆ ಬಂದ. ಗಂಡಸರು ಆ ಕೋಣೆಗೆ ಹೆಚ್ಚು ಹೋಗುವುದಿಲ್ಲ, ಅಪ್ಪನಂತೂ ಬಾಗಿಲಲ್ಲೇ ನಿಂತು ಹೋಗುವವನು. ಅಕ್ಕ ಕಂಬಳಿ ಸರಿಸಿಕೊಂಡು ಮಗುವಿಗೆ ಹಾಲು ಕೊಡುತ್ತಿದ್ದಳು. ಅಪ್ಪ ಮಗುವನ್ನು ಬಿಟ್ಟು ಅವಳ ಕಾಲನ್ನೇ ನೋಡುತ್ತ ನಿಂತ. ಆಮೇಲೆ ಹೊರಗೆ ಹೋಗಿ ಕುರಿಮರಿ ಕಟ್ಟುವ ಸಣ್ಣ ಹಗ್ಗ ತಂದ.

ಕುರಿ ಕೊಳ್ಳುವಾಗ, ಕಾಲು ಬಾತ ಕುರಿಗೆ ಮದ್ದು ಹಾಕುವಾಗ ಅವನು ಹಾಗೇ ಮಾಡುವುದು. ಕಣ್ಣನ್ನು ನಂಬುವುದಿಲ್ಲ, ಒಳ್ಳೇ ಕಾಲಿಗೊಂದು ಸಲ ಕೆಟ್ಟ ಕಾಲಿಗೊಂದು ಸಲ ಹಗ್ಗ ಸುತ್ತಿ ನೋಡುತ್ತಾನೆ. ಅಕ್ಕನ ಬಲಮಂಡಿಯಿಂದ ಗೇಣು ಕೆಳಗೆ ಹಗ್ಗ ಸುತ್ತಿ, ಎರಡು ತುದಿ ಸೇರಿದ ಕಡೆ ಗಂಟು ಹಾಕಿಕೊಂಡ. ಅದೇ ಗಂಟಿನ ಅಳತೆಯನ್ನು ಎಡಗಾಲಿಗೆ ಹಿಡಿದ. ಮೂರು ಬೆರಳು ಸಾಲಲಿಲ್ಲ.

“ಎಲ್ಡೂ ಊದಿದ್ರೆ ನೀರು ಅನ್ನು, ಒಪ್ಕತೀನಿ,” ಅಂದ ಅವ್ವನಿಗೆ. “ಒಂದೇ ಊದೈತೆ ಅಂದ್ರೆ ಒಳ್ಗೆ ಏನೋ ಅಡ್ಡ ಕಟ್ಟೈತೆ. ಇನ್ ಉಜ್ಜಬ್ಯಾಡ ಕಣೆ.”

ಬಾಣಂತಿಯನ್ನು ಗಾಳಿಗೆ ಹಾಕುವುದಾ ಅಂತ ಅವ್ವ ಕೂಗಾಡಿದಳು. ಅಪ್ಪ ಬಾಡಿಗೆ ವ್ಯಾನಿಗೆ ಫೋನು ಮಾಡಲು ನನಗೆ ಹೇಳಿದ. ಅವನು ಕುರಿ ಬಿಟ್ಟು ಬರುವಂತಿರಲಿಲ್ಲ. ಅಕ್ಕ, ಮಗು, ಅವ್ವ, ನಾನು ಹೊರಟೆವು. ಕಂಬಳಿಯೂ ಬಂತು.

ಚನ್ನಪಟ್ಟಣದ ಡಾಕ್ಟರು ಕಾಲು ಮುಟ್ಟಿ ನೋಡಿದರು. ಹೆಬ್ಬೆರಳು ಒತ್ತಿದ ಕಡೆ ಗುಳಿ ಬಿದ್ದು, ಎಣಿಸುವಷ್ಟು ಹೊತ್ತು ಹಾಗೇ ಇತ್ತು. ಎದೆ ನೋಯುತ್ತಾ, ಉಸಿರು ಕಟ್ಟುತ್ತಾ ಅಂತ ಎರಡೆರಡು ಸಲ ಕೇಳಿದರು. ಆಮೇಲೆ ನನ್ನನ್ನು ಒಬ್ಬನನ್ನೇ ಹೊರಗೆ ಕರೆದರು. ಕಾಲಿನ ಒಳಗಿನ ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದು ಅಲ್ಲೇ ಕೂತಿದ್ದರೆ ಗುಣ ಮಾಡಬಹುದು, ಒಂದು ತುಂಡು ಕಿತ್ತುಕೊಂಡು ಮೇಲಕ್ಕೆ ಹೋದರೆ ಶ್ವಾಸಕೋಶಕ್ಕೆ ಸಿಕ್ಕಿಕೊಳ್ಳುತ್ತದೆ, ಆಗ ಕೈ ಮೀರಬಹುದು ಅಂದರು. ಕಾಲಿನ ನಾಳದ ಸ್ಕ್ಯಾನು ಮಾಡುವವರು ಆವತ್ತು ಅಲ್ಲಿರಲಿಲ್ಲ. ಈಗಲೇ ರಾಮನಗರಕ್ಕೆ ಹೋಗಿ, ಅವಳನ್ನು ನಡೆಸಬೇಡಿ, ಕಾಲು ಉಜ್ಜಬೇಡಿ ಅಂದರು.

ವ್ಯಾನಿನಲ್ಲಿ ಇದು ಗೊತ್ತಿದ್ದವನು ನಾನೊಬ್ಬನೇ. ಅವ್ವ ಡ್ರೈವರನಿಗೆ ಜೋರಾಗಿ ಹೊಡಿ ಅನ್ನುತ್ತಿದ್ದಳು, ನಾನು ನಿಧಾನ ಅನ್ನುತ್ತಿದ್ದೆ. ಒಂದೊಂದು ಹಂಪ್ ಬಂದಾಗಲೂ ಅಕ್ಕನ ತೊಡೆಯೊಳಗೆ ಏನೋ ಕಿತ್ತುಕೊಂಡು ಹೊರಟ ಹಾಗೆ ನನಗೆ ಅನ್ನಿಸುತ್ತಿತ್ತು. ರಾಮನಗರದ ಬಂಡೆಬೆಟ್ಟಗಳು ಕಂಡಾಗ, ದಿನಾ ನೋಡುವ ಬೆಟ್ಟಗಳೇ, ಅವು ಬಂದವಲ್ಲ ಅಂತ ಕಣ್ಣಲ್ಲಿ ನೀರು ಬಂತು.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೂತಿದ್ದವರೆಲ್ಲ ಗರ್ಭಿಣಿಯರು. ಗೋಡೆಯಲ್ಲಿ ಹೆಣ್ಣೋ ಗಂಡೋ ಹೇಳುವುದಿಲ್ಲ ಅನ್ನುವ ಬೋರ್ಡು. ನಮ್ಮ ಕಡೆ ಸ್ಕ್ಯಾನು ಅಂದರೆ ಅಷ್ಟೇ ಅರ್ಥ.

“ಕೂಸು ಹುಟ್ಟಾಗೈತಲ್ಲವ್ವ,” ಅಂದಳು ಅವ್ವ ಕೌಂಟರಿನ ಹುಡುಗಿಗೆ, ತೋಳಿನಲ್ಲಿದ್ದ ಮಗುವನ್ನು ಎತ್ತಿ ತೋರಿಸುತ್ತ. “ಇನ್ನೇನ್ ನೋಡಾಕೆ ಸ್ಕ್ಯಾನು?”

ಗರ್ಭಿಣಿಯರು ಸೆರಗು ಮುಚ್ಚಿಕೊಂಡು ನಕ್ಕರು. ಚೀಟಿ ನೋಡಿದ ಹುಡುಗಿ ನಗಲಿಲ್ಲ. ಎಲ್ಲರಿಗಿಂತ ಮುಂಚೆ ನಮ್ಮನ್ನೇ ಕಳಿಸಿದಳು. ಒಳಗೆ ಏಸಿ ಇತ್ತು. ಹಸುಗೂಸನ್ನು ಆ ತಣ್ಣಗಿನ ಕೋಣೆಗೆ ಒಯ್ಯುವುದಿಲ್ಲ ಅಂತ ಅವ್ವ ಹೊರಗೇ ನಿಂತಳು. ಅಕ್ಕನನ್ನು ಎತ್ತಿ ಮಂಚದ ಮೇಲೆ ಮಲಗಿಸಿ ನಾನು ಹೊರಡಬೇಕು, ಅವಳು ನನ್ನ ಕೈ ಬಿಡಲಿಲ್ಲ. ಡಾಕ್ಟರಮ್ಮ, ಅಪ್ಪನಿಗಿಂತ ಒಸಿ ಚಿಕ್ಕ ವಯಸ್ಸು, ಅಕ್ಕನ ಮೇಲೆ ಬಟ್ಟೆ ಹೊದಿಸಿ, ತಲೆಯ ಹತ್ತಿರ ಯಂತ್ರದ ಪರದೆಯ ಕಡೆ ಮುಖ ಮಾಡಿ ನಿಲ್ಲು ಅಂದರು.

ಜೆಲ್ ಹಚ್ಚಲು ಹೋದವರು ನಿಂತರು. ಕಾಲಿಗೆ ಎಣ್ಣೆ ಇತ್ತು.

“ಯಾರು ಉಜ್ಜಿದ್ದು?”

“ನಾನೇ ಒಸಿ ಸವರ್ಕೊಂಡೆ ಮೇಡಮ್ಮು,” ಅಂದಳು ಅಕ್ಕ. ನಾನು ಬಾಯಿ ತೆರೆಯುವ ಮುಂಚೆ ನನ್ನ ಕೈಯನ್ನು ಒಂದು ಸಲ ಹಿಂಡಿದಳು.

ಡಾಕ್ಟರಮ್ಮ ಟಿಶ್ಯೂ ಪೇಪರಿನಲ್ಲಿ ಎಣ್ಣೆ ಒರೆಸಿ ಮೊದಲು ಒಳ್ಳೇ ಕಾಲನ್ನು ತೆಗೆದುಕೊಂಡರು. ಯಂತ್ರದ ವೈರಿನ ತುದಿಯ ಹಿಡಿ, ಪ್ರೋಬು, ತೊಡೆಯ ಮೇಲೆ ಇಟ್ಟ ತಕ್ಷಣ ಪರದೆಯ ಮೇಲೆ ಬೂದು ಮಂಜು, ಅದರೊಳಗೆ ಪಕ್ಕಪಕ್ಕ ಎರಡು ಕಪ್ಪು ದುಂಡಗಿನ ತೂತು. ಇದು ಏನು ಮೇಡಂ ಅಂತ ಕೇಳಿಬಿಟ್ಟೆ. ತಡೆದುಕೊಳ್ಳಲು ಆಗಲಿಲ್ಲ. ಕಪ್ಪಗಿರುವುದು ರಕ್ತ, ಒಂದು ಹೃದಯದಿಂದ ಬರುವ ನಾಳ, ಇನ್ನೊಂದು ಹೃದಯಕ್ಕೆ ಹೋಗುವ ನಾಳ ಅಂದರು. ಬೆಳಕಾ, ಎಕ್ಸ್‌ರೇ ಥರಾನಾ? ಅಲ್ಲ, ಶಬ್ದ.

ಶಬ್ದ. ನಾನು ಆ ಪ್ರೋಬನ್ನು ನೋಡಿದೆ. ನಮ್ಮ ಅಂಗಡಿಯ ಟ್ವೀಟರು, ಕೀಚಲು ಸದ್ದಿನ ಸಣ್ಣ ಸ್ಪೀಕರು, ಅದಕ್ಕಿಂತ ಎಷ್ಟೋ ಮೇಲಿನ, ನಾಯಿಗೂ ಬಾವಲಿಗೂ ಕೇಳದ ಸದ್ದು ಅದರಿಂದ ನನ್ನ ಅಕ್ಕನ ತೊಡೆಯೊಳಗೆ ಹೋಗಿ, ತಾಗಿ, ತಿರುಗಿ ಬಂದು ಚಿತ್ರವಾಗುತ್ತಿತ್ತು. ಮಾತನಾಡುವುದು ಅದೇ, ಕೇಳಿಸಿಕೊಳ್ಳುವುದೂ ಅದೇ. ಜೆಲ್ ಯಾಕೆ ಅಂತಲೂ ಆಗಲೇ ಹೊಳೆಯಿತು. ನಡುವೆ ಗಾಳಿ ಇದ್ದರೆ ಸದ್ದು ಚರ್ಮದ ಹೊರಗೇ ವಾಪಸ್ಸಾಗುತ್ತದೆ.

“ಮೆಡಿಕಲ್ ಓದ್ತಿದ್ದೀಯಾ?” ಅಂದರು.

“ಇಲ್ಲ ಮೇಡಂ, ಸ್ಪೀಕರ್ ರಿಪೇರಿ.”

“ಹಾಗಾದ್ರೆ ಇದನ್ನ ಕೇಳು,” ಅಂತ ಒಂದು ಬಟನ್ ಒತ್ತಿದರು.

ಪರದೆಯ ಮೇಲೆ ಬಣ್ಣ ಹರಿಯಿತು. ಕೆಂಪು ಒಳ್ಳೇ ರಕ್ತ, ನೀಲಿ ಕೆಟ್ಟದ್ದು ಅಂದುಕೊಂಡೆ, ಅಲ್ಲವಂತೆ. ಯಾವುದು ಬರುತ್ತಿದೆ ಯಾವುದು ಹೋಗುತ್ತಿದೆ ಅಂತ ಮಾತ್ರ ಬಣ್ಣ ಹೇಳುವುದು. ಆಮೇಲೆ ಸದ್ದು ಬಂತು. ಬರುವ ನಾಳದಲ್ಲಿ ಚಾಟಿ ಬೀಸಿದ ಹಾಗೆ, ಒಂದೊಂದು ಬಡಿತಕ್ಕೊಂದು. ಹೋಗುವ ನಾಳದಲ್ಲಿ ಬೇರೆಯೇ ಸದ್ದು, ತೆನೆ ಬಲಿತ ರಾಗಿ ಹೊಲದ ಮೇಲೆ ಗಾಳಿ ಎದ್ದು ಮಲಗಿದ ಹಾಗೆ. ಉಸಿರು ಹಿಡಿಯಮ್ಮ ಅಂದರು. ಅಕ್ಕ ಹಿಡಿದಳು, ಗಾಳಿ ನಿಂತಿತು. ಬಿಟ್ಟಳು, ಮತ್ತೆ ಎದ್ದಿತು. ಎದೆಯಲ್ಲಿ ಉಸಿರಾಡಿದರೆ ತೊಡೆಯಲ್ಲಿ ಕೇಳುತ್ತದೆ. ಎಂಟು ವರ್ಷದಿಂದ ಸದ್ದಿನ ಹಿಂದೆ ಬಿದ್ದಿದ್ದೇನೆ, ಅಂಥದ್ದನ್ನು ಕೇಳಿರಲಿಲ್ಲ. ಅಷ್ಟು ಹೊತ್ತು, ನಿಜವಾಗಿ ಹೇಳುತ್ತೇನೆ, ಯಾಕೆ ಬಂದಿದ್ದೇವೆ ಅನ್ನುವುದನ್ನೇ ಮರೆತಿದ್ದೆ.

ಆಮೇಲೆ ಅವರು ಒತ್ತಲು ಶುರು ಮಾಡಿದರು. ಪ್ರೋಬನ್ನು ಒಸಿ ಅಮುಕಿದರೆ ಒಂದು ತೂತು ದುಂಡಗೇ ಉಳಿದು ಮಿಡಿಯುತ್ತಿತ್ತು, ಇನ್ನೊಂದು ಚಪ್ಪಟೆಯಾಗಿ ಕಣ್ಣು ಮುಚ್ಚಿದ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಬಿಟ್ಟರೆ ತೆರೆಯುತ್ತಿತ್ತು. ಒಳಗೆ ಬರೀ ರಕ್ತ ಇದ್ದರೆ ಮುಚ್ಚಲೇಬೇಕು ಅಂದರು. ತೊಡೆಯ ಸಂದಿಯಿಂದ ಮಂಡಿಯ ಹಿಂಭಾಗದವರೆಗೂ ಎರಡೆರಡು ಬೆರಳಿಗೊಂದು ಸಲ ಒತ್ತುತ್ತ ಬಂದರು. ಮುಚ್ಚಿತು, ತೆರೆಯಿತು. ಮುಚ್ಚಿತು, ತೆರೆಯಿತು. ಅದನ್ನು ನೋಡುತ್ತಲೇ ನಾನು ಕಲಿತುಬಿಟ್ಟಿದ್ದೆ.

ಎಡಗಾಲಿಗೆ ಬಂದರು. ಅದೇ ಬೂದು, ಅದೇ ಎರಡು ದುಂಡು, ಆದರೆ ಒಂದು ದಪ್ಪಗಿತ್ತು, ಒಳಗೆ ಕಪ್ಪು ಇರಲಿಲ್ಲ, ಹೊಗೆ ಗಟ್ಟಿಯಾದ ಹಾಗೆ ಬೂದುಬಣ್ಣ. ಮೆಲ್ಲಗೆ ಒತ್ತಿದರು.

ಮುಚ್ಚಲಿಲ್ಲ.

ಡಾಕ್ಟರಮ್ಮ ಏನೂ ಹೇಳುವ ಮುಂಚೆ ನನಗೆ ಗೊತ್ತಾಯಿತು. ಕಲಿತದ್ದು ಇಷ್ಟು ಬೇಗ ಹೀಗೆ ಕೆಲಸಕ್ಕೆ ಬರುತ್ತದೆ ಅಂತ ತಿಳಿದಿದ್ದರೆ ನಾನು ಪರದೆಯ ಕಡೆ ತಿರುಗುತ್ತಿರಲಿಲ್ಲ. ಎಲ್ಲಿ ಕದಲುತ್ತದೋ ಅಂತ ಅವರು ಅದೇ ಜಾಗದಲ್ಲಿ ಮತ್ತೆ ಒತ್ತಲಿಲ್ಲ. ಬಣ್ಣ ಹಾಕಿದರು, ಬಣ್ಣ ಬರಲಿಲ್ಲ. ಸದ್ದು ಹಾಕಿದರು. ಇನ್‌ಪುಟ್ ಕೊಡದ ಆಂಪ್ಲಿಫೈಯರಿನಲ್ಲಿ ಬರುವ ಬರೀ ಹಿಸ್.

“ಏನ್ಲಾ ಅದು?” ಅಂದಳು ಅಕ್ಕ ನನ್ನ ಮುಖ ನೋಡಿ. ಅವಳಿಗೆ ಪರದೆ ಕಾಣುತ್ತಿರಲಿಲ್ಲ, ನನ್ನ ಮುಖ ಕಾಣುತ್ತಿತ್ತು.

ಡಾಕ್ಟರಮ್ಮ ಅವಳ ಕಡೆಗೇ ತಿರುಗಿ, ರಕ್ತ ಹೆಪ್ಪುಗಟ್ಟಿದೆ, ತೊಡೆಯಲ್ಲಿದೆ, ಸದ್ಯಕ್ಕೆ ಅಲ್ಲೇ ಕೂತಿದೆ, ಅದು ಬೆಳೆಯದ ಹಾಗೆ, ಕದಲದ ಹಾಗೆ ಇವತ್ತೇ ಇಂಜೆಕ್ಷನ್ ಶುರುವಾಗುತ್ತದೆ ಅಂದರು. ಅಕ್ಕ ಕೇಳಿದ್ದು ಒಂದೇ, ಹಾಲು ಕೊಡಬಹುದಾ ಅಂತ. ಆ ಇಂಜೆಕ್ಷನ್‌ನಿಂದ ಮಗುವಿಗೆ ತೊಂದರೆ ಇಲ್ಲ, ಕೊಡು ಅಂದರು. ಆಮೇಲೆ ನಮ್ಮನ್ನು ಕಳಿಸುವ ಆಸ್ಪತ್ರೆಗೆ ತಾವೇ ಫೋನು ಮಾಡಿ, ಬಾಗಿಲಿನಲ್ಲಿ ಅವ್ವನಿಗೂ ವಿಷಯ ಹೇಳಿದರು.

ಅವ್ವ ಮಗುವನ್ನು ನನ್ನ ಕೈಗೆ ಕೊಟ್ಟಳು.

“ನಾನೇ ಉಜ್ಜಿದ್ದು ಮೇಡಮ್ಮು. ಮೂರ್ ದಿನದಿಂದ ಉಜ್ಜಿವ್ನಿ. ನೀರೂ ಕೊಡ್ನಿಲ್ಲ. ನಾನೇ ಮಗಳ್ನ ಕೊಲ್ತಿದ್ನಾ?”

ಒಳಗಿನಿಂದ ಅಕ್ಕ, “ಸುಮ್ಕಿರವ್ವ, ನಾನಿನ್ನೂ ಇವ್ನಿ,” ಅಂದಳು.

ಡಾಕ್ಟರಮ್ಮ ಅವ್ವನನ್ನು ಬೆಂಚಿನ ಮೇಲೆ ಕೂರಿಸಿ ಹೇಳಿದ್ದು ನನಗೆ ಇವತ್ತಿಗೂ ಬೆರಗು. ಹೆರಿಗೆ ಹತ್ತಿರವಾದಂತೆ ಹೆಂಗಸಿನ ರಕ್ತ ತಾನಾಗಿಯೇ ಬೇಗ ಗಟ್ಟಿಯಾಗುವ ಹಾಗೆ ಬದಲಾಗುತ್ತದಂತೆ, ಹೆತ್ತ ಮೇಲೆ ರಕ್ತ ಸುರಿದು ಸಾಯಬಾರದು ಅಂತ. ಹಾಗೆ ಅವಳನ್ನು ಉಳಿಸಿದ್ದೇ ಈಗ ಕಾಲಿನಲ್ಲಿ ಬಂದು ಕೂತಿದೆ. ಉಜ್ಜಿದ್ದು ತಪ್ಪು, ನೀರು ಕೊಡದೆ ಮಲಗಿಸಿದ್ದೂ ತಪ್ಪು, ಆದರೆ ಅವೇ ಕಾರಣ ಅಂತ ಹೇಳಲಾರೆ, ಎಲ್ಲ ಸರಿ ಮಾಡಿದ್ದರೂ ಆಗಬಹುದಿತ್ತು ಅಂದರು. ಸಮಾಧಾನಕ್ಕೆ ಹೇಳಿದರೋ ನಿಜವೋ ಅಂತ ಆಮೇಲೆ ಮೊಬೈಲಿನಲ್ಲಿ ಹುಡುಕಿ ಓದಿದೆ. ನಿಜವೇ.

ಆಸ್ಪತ್ರೆಯಲ್ಲಿ ಹೊಟ್ಟೆಗೆ ಇಂಜೆಕ್ಷನ್ ಕೊಟ್ಟರು. ಕನಕಪುರದ ಕಡೆಯಿಂದ ಭಾವ ಬಂದ. ಆಸ್ಪತ್ರೆಯ ಡಾಕ್ಟರೂ ಕಾಲಿಗೆ ಟೇಪು ಸುತ್ತಿ, ಮಂಡಿಯಿಂದ ಇಷ್ಟು ಕೆಳಗೆ ಅಂತ ಗುರುತು ಮಾಡಿ ಎರಡೂ ಕಾಲು ಅಳೆದಾಗ ನಾನು ಅಪ್ಪನಿಗೆ ಫೋನು ಮಾಡಿ ಹೇಳಿದೆ. ಅಪ್ಪ, “ಮತ್ತೆ? ಇನ್ನೆಂಗ್ ಅಳೀತಾರ್ಲಾ?” ಅಂದ.

ಮೊದಲ ಎರಡು ದಿನ ಅಕ್ಕ ಕೆಮ್ಮಿದರೆ ನಾವೆಲ್ಲ ಎದ್ದು ನಿಲ್ಲುತ್ತಿದ್ದೆವು. ಮೂರನೆಯ ದಿನ ಎಬ್ಬಿಸಿ ನಡೆಸಿದರು. ವಾರಕ್ಕೆ ಮನೆಗೆ ಕಳಿಸಿದರು, ಕೈತುಂಬ ಮಾತ್ರೆ ಕೊಟ್ಟು.

ಮೂರು ತಿಂಗಳಾದ ಮೇಲೆ ಅದೇ ಕೋಣೆಗೆ ಮತ್ತೆ ಹೋದೆವು. ಈ ಸಲ ಅಕ್ಕ ಪರದೆಯನ್ನು ತನ್ನ ಕಡೆ ತಿರುಗಿಸಿ ಅಂತ ಕೇಳಿ ತಿರುಗಿಸಿಕೊಂಡಳು. ಡಾಕ್ಟರಮ್ಮ ಒತ್ತಿದರು. ನಾಳ ಪೂರ್ತಿ ಮುಚ್ಚಲಿಲ್ಲ, ಮುಕ್ಕಾಲು ಮುಚ್ಚಿತು. ಗೋಡೆಗೆ ಅಂಟಿಕೊಂಡು ತೆಳ್ಳಗೆ ಗಾಯದ ಗುರುತಿನಂಥದ್ದು ಉಳಿದಿತ್ತು. ಮಾತ್ರೆ ಇನ್ನೂ ಸ್ವಲ್ಪ ದಿನ ಅಂದರು. ಆಮೇಲೆ ಬಣ್ಣ ಹಾಕಿ, ಪಕ್ಕದಲ್ಲಿ ದಾರದಂಥ ಎರಡು ಮೂರು ಗೆರೆಗಳನ್ನು ಬೆರಳಿನಿಂದ ತೋರಿಸಿದರು. ಅಡ್ಡ ಕಟ್ಟಿದ ಜಾಗವನ್ನು ಬಳಸಿಕೊಂಡು ರಕ್ತ ಹೋಗುತ್ತಿತ್ತು. ಇಷ್ಟು ದೊಡ್ಡದಾಗಿ ಇವು ಮೊದಲು ಇರಲಿಲ್ಲ ಅಂದರು.

“ಯಾರ್ ಮಾಡುದ್ರು ಇದ್ನ?” ಅಂದಳು ಅಕ್ಕ.

“ಯಾರೂ ಇಲ್ಲಮ್ಮ. ನಿನ್ನ ಕಾಲೇ ಮಾಡಿಕೊಂಡಿದೆ.”

ಯಾರೂ ಹೇಳಿಕೊಟ್ಟಿಲ್ಲ. ಅವಳು ಮಗುವಿಗೆ ಹಾಲು ಕೊಡುವಾಗ, ಮಾತ್ರೆ ಮರೆತೆ ಅಂತ ಅವ್ವನಿಂದ ಬೈಸಿಕೊಳ್ಳುವಾಗ, ನಿದ್ದೆ ಮಾಡುವಾಗ, ಒಳಗೆ ಕತ್ತಲಲ್ಲಿ ಅದು ದಾರಿ ಮಾಡಿಕೊಳ್ಳುತ್ತಲೇ ಇತ್ತು.

ಅಕ್ಕ ಎದ್ದು ಕೂತು ಜೆಲ್ ಒರೆಸಿಕೊಂಡಳು. ಆ ಜಾಗದ ಮೇಲೆ ಅಂಗೈ ಇಟ್ಟಳು, ಮಗುವಿನ ಹಣೆ ಬಿಸಿ ಇದೆಯಾ ಅಂತ ನೋಡುವ ಹಾಗೆ. ಡಾಕ್ಟರಮ್ಮ ಮುಂದಿನವರನ್ನು ಕರೆಯಲು ಹೇಳಿದರು. ಅಕ್ಕ ಇನ್ನೂ ಒಂದು ಗಳಿಗೆ ಕೈ ತೆಗೆಯದೆ ಹಾಗೇ ಕೂತಿದ್ದಳು.